ಕೀರ್ತಿಗೆ ಕ್ರಮಾಂಕ

2009ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ ಅಮೆರಿಕದ ‘ಟೈಮ್’ ವಾರಪತ್ರಿಕೆಯು, ಜಗತ್ತಿನ ಪ್ರಭಾವಶಾಲಿ ವ್ಯಕ್ತಿಗಳು ಯಾರೆಂಬ ವಿಷಯದಲ್ಲಿ ತನ್ನ ಜಾಲತಾಣದ ಮೂಲಕ ಸಂಗ್ರಹಿಸಿದ ವಾಚಕರ ತೀರ್ಪನ್ನು ಪ್ರಕಟಿಸಿದಾಗ, ಆ ಪಟ್ಟಿಯ ಶಿಖರದಲ್ಲಿ ರಾಷ್ಟ್ರಾಧ್ಯಕ್ಷನಾಗಲಿ, ವಿಜ್ಞಾನಿಯಾಗಲಿ, ಧರ್ಮಗುರುವಾಗಲಿ ಇರಲಿಲ್ಲ. ‘ಮೂಟ್’ ಎಂಬ ಅಡ್ಡಹೆಸರಿನ, ಕ್ರಿಸ್ಟೊಫರ್ ಪೂಲ್ ಎಂಬ ತರುಣನಿದ್ದನು. ಹೆಸರು ಮರೆಸಿಕೊಂಡವರು ಕಲೆತು ಹರಟುವ, ಕುಚೋದ್ಯಕ್ಕೆ ಖ್ಯಾತವಾದ ‘ಫೋರ್‌ಚಾನ್’ ಎಂಬ ತಾಣದ ಸ್ಥಾಪಕನೆಂಬುದಷ್ಟೇ ಅವನ ಪ್ರಸಿದ್ಧಿ. ಅವನಿಗೆ ಬಂದಿದ್ದ ಮತಗಳು 1,67,94,368. ಅಂಕಿಯ ಕೊನೆಯ ಎಂಟು ಕೂಡ ಬಿಟ್ಟುಹೋಗದಂತೆ ಎಣಿಸಿದ ಆ ಶುದ್ಧಲೆಕ್ಕವನ್ನು ನೋಡಿದವನಿಗೆ, ಇಷ್ಟು ನಿಖರವಾದುದು ಸುಳ್ಳಾಗಿರಲು ಹೇಗೆ ಸಾಧ್ಯ ಎಂಬ ಭ್ರಾಂತಿ ಹುಟ್ಟಿದ್ದರೆ ಅದು ಆಶ್ಚರ್ಯವಲ್ಲ.

ಆದರೆ ಕೌತುಕವಿದ್ದದ್ದು ಮೊದಲನೆಯ ಸ್ಥಾನದಲ್ಲಲ್ಲ. ಎರಡನೆಯವರು ಮಲೇಷ್ಯಾದ ರಾಜಕಾರಣಿ ಅನ್ವರ್ ಇಬ್ರಾಹಿಂ, ಮೂರನೆಯವರು ಅಮೆರಿಕದ ಕ್ರೈಸ್ತ ಬೋಧಕ ರಿಕ್ ವಾರೆನ್, ನಾಲ್ಕನೆಯವನು ಪಾಕಿಸ್ತಾನದ ತಾಲಿಬಾನ್ ಮುಖಂಡ ಬೈತುಲ್ಲಾ ಮೆಹ್ಸೂದ್, ಐದನೆಯವರು ಸಿಡುಬು ನಿರ್ಮೂಲನಕ್ಕಾಗಿ ಭಾರತದಲ್ಲಿ ದುಡಿದ ವೈದ್ಯ ಲ್ಯಾರಿ ಬ್ರಿಲಿಯಂಟ್. ಹೀಗೆ ಒಬ್ಬರಿಗೊಬ್ಬರು ಯಾವ ಸಂಬಂಧವೂ ಇಲ್ಲದ ಇಪ್ಪತ್ತೊಂದು ಮಂದಿಯ ಹೆಸರುಗಳ ಇಂಗ್ಲಿಷ್ ಮೊದಲಕ್ಷರಗಳನ್ನು ಮೇಲಿನಿಂದ ಕೆಳಕ್ಕೆ ಓದಿಕೊಂಡು ಹೋದರೆ, ‘ಮಾರ್ಬಲ್‌ಕೇಕ್ ಆಲ್ಸೋ ದಿ ಗೇಮ್’ ಎಂಬ ವಾಕ್ಯವು ಒಂದು ಅಕ್ಷರವೂ ತಪ್ಪದೆ ಮೂಡಿಬರುತ್ತಿತ್ತು. ಆ ಮಾತಿಗೆ ಇದನ್ನು ನಡೆಸಿದ ಫೋರ್‌ಚಾನ್ ತರುಣರ ಗುಂಪಿನೊಳಗಿನ ವಿನೋದವಲ್ಲದೆ ಬೇರೆ ಅರ್ಥವಿಲ್ಲ. ಒಬ್ಬನನ್ನು ಮೇಲಕ್ಕೆ ಏರಿಸುವುದು ಸುಲಭ. ಇಪ್ಪತ್ತೊಂದು ಜನರನ್ನು ಬೇಕಾದ ಅನುಕ್ರಮದಲ್ಲಿಯೇ ನಿಲ್ಲಿಸುವುದೆಂದರೆ, ಅಸಾಧಾರಣ ಶ್ರದ್ಧೆ ಬೇಕು.

ಇದು ಸಾಧ್ಯವಾದದ್ದು ಹೇಗೆ? ಜಾಲತಾಣದಲ್ಲಿ ಮತ ಹಾಕುವವನು ಪ್ರತಿಯೊಬ್ಬ ವ್ಯಕ್ತಿಗೂ 1ರಿಂದ 100ರವರೆಗೆ ಅಂಕವನ್ನು ಕೊಡಬಹುದಾಗಿತ್ತು. ಗುಂಡಿಯನ್ನು ಒತ್ತಿದಾಗ ಅವನ ಗಣಕಯಂತ್ರದಿಂದ ಪತ್ರಿಕೆಯ ಗಣಕಯಂತ್ರಕ್ಕೆ ಹೋಗುತ್ತಿದ್ದುದು, ವ್ಯಕ್ತಿಯ ಸಂಖ್ಯೆಯನ್ನೂ ಕೊಟ್ಟ ಅಂಕವನ್ನೂ ಹೊತ್ತ ಒಂದು ಸಾಲಿನ ಸಂದೇಶ ಮಾತ್ರ. ಅದನ್ನು ಕಳುಹಿದವನು ಯಾರು, ಎಷ್ಟನೆಯ ಸಲ ಕಳುಹುತ್ತಿದ್ದಾನೆ ಎಂಬ ವಿಚಾರಣೆ ಮೊದಮೊದಲು ಇರಲೇ ಇಲ್ಲ. ಗುಂಡಿಯನ್ನು ಬೆರಳಿನಿಂದ ಒತ್ತುವ ಬದಲು ಅದೇ ಸಾಲನ್ನು ಎಡೆಬಿಡದೆ ಕಳುಹುತ್ತಿರುವ ಸಣ್ಣ ಪ್ರೋಗ್ರಾಮುಗಳನ್ನು ಈ ತರುಣರು ಬರೆದರು. ತಮಗೆ ಬೇಕಾದವರಿಗೆ ಪೂರ್ಣಾಂಕವನ್ನು ಕೊಟ್ಟರೆ ಸಾಲದು, ಅಕ್ಷರಸಾಲಿಗೆ ಅಡ್ಡಬಂದವರಿಗೆ ಒಂದೊಂದೇ ಅಂಕವನ್ನಿತ್ತು ಕೆಳಕ್ಕೆ ತಳ್ಳಬೇಕೆಂಬುದನ್ನೂ ಅವರು ಬೇಗನೆ ಕಂಡುಕೊಂಡರು. ಪತ್ರಿಕೆಯವರು ಎಚ್ಚೆತ್ತು ಗುಪ್ತಸಂಕೇತವನ್ನು ಸೇರಿಸಿದರೆ ಅದನ್ನು ಭೇದಿಸಿದರು. ಮತ ಹಾಕುವವನು ಮನುಷ್ಯನೇ ಹೌದೆಂದು ಸಾಬೀತುಪಡಿಸಲು ಸೊಟ್ಟಸೊಟ್ಟನೆಯ ಅಕ್ಷರಗಳನ್ನು ಓದಿ ಬರೆಯುವ ಪರೀಕ್ಷೆಯನ್ನಿಟ್ಟರೆ, ಯಂತ್ರವನ್ನು ಬಿಟ್ಟು ತಾವೇ ಕುಳಿತು ಹಗಲಿರುಳು ಕೈಯಿಂದ ಒತ್ತಿದರು. ಮೂರು ವರ್ಷಗಳ ತರುವಾಯ, 2012ರಲ್ಲಿ, ಅದೇ ಪತ್ರಿಕೆಯ ‘ವರ್ಷದ ವ್ಯಕ್ತಿ’ಯ ವಾಚಕ ಮತದಾನದಲ್ಲಿ ಉತ್ತರ ಕೊರಿಯಾದ ಕಿಮ್ ಜಾಂಗ್ ಉನ್ ಪ್ರಥಮನಾದದ್ದೂ ಇಂತಹುದೇ ಕೈಚಳಕದಿಂದ. ಸಂಪಾದಕರು ಆ ವರ್ಷ ಬರಾಕ್ ಒಬಾಮರನ್ನು ಆರಿಸಿಕೊಂಡು ಗೌರವವನ್ನು ಉಳಿಸಿಕೊಂಡರು.

ಇಂತಹ ಕಿಡಿಗೇಡಿತನವನ್ನು ಕೇಳಿ ನಾವು ನಕ್ಕುಬಿಡುತ್ತೇವೆ. ನಕ್ಕು, ವಂಚನೆಯೊಂದನ್ನು ತಡೆದುಬಿಟ್ಟರೆ ಈ ಬಗೆಯ ಎಣಿಕೆಯು ವಿಶ್ವಾಸಾರ್ಹವಾದೀತೆಂದು ಸಮಾಧಾನಪಟ್ಟುಕೊಳ್ಳುತ್ತೇವೆ. ಈ ಸಮಾಧಾನಕ್ಕೆ ಆಧಾರವಿಲ್ಲ. ಒಬ್ಬನಿಗೆ ಒಂದೇ ಮತವೆಂಬ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿ, ಒಂದೇ ಒಂದು ಕಳ್ಳಮತವೂ ಒಳನುಗ್ಗದಂತೆ ಕಾವಲಿಟ್ಟರೂ, ಸ್ವಯಂಪ್ರೇರಣೆಯಿಂದ ಬಂದವರ ತಲೆಯೆಣಿಕೆಯು ಲೋಕದ ಅಭಿಪ್ರಾಯವನ್ನು ತಿಳಿಸಲಾರದು. ಅಂತರ್ಜಾಲವು ಹುಟ್ಟುವುದಕ್ಕೆ ದಶಕಗಳ ಮೊದಲೇ ಈ ಪಾಠವನ್ನು ಪತ್ರಿಕೆಯೊಂದು ತನ್ನ ಪ್ರಾಣವನ್ನೇ ತೆತ್ತು ಕಲಿಯಿತು.

‘ಲಿಟರರಿ ಡೈಜೆಸ್ಟ್’ ಎಂಬ ಅಮೆರಿಕದ ಪತ್ರಿಕೆಯು 1916ರಿಂದ 1932ರವರೆಗಿನ ಅಧ್ಯಕ್ಷ ಚುನಾವಣೆಗಳ ಫಲವನ್ನು ಅಂಚೆಯ ಮೂಲಕ ಜನಾಭಿಪ್ರಾಯವನ್ನು ತರಿಸಿಕೊಂಡು ಸರಿಯಾಗಿ ನುಡಿದಿತ್ತು. 1936ರಲ್ಲಿ ಅದು ಸುಮಾರು 1 ಕೋಟಿ ಕಾಗದಗಳನ್ನು ಕಳುಹಿ, 23 ಲಕ್ಷಕ್ಕೂ ಮಿಕ್ಕ ಉತ್ತರಗಳನ್ನು ಪಡೆದು, ಫ್ರಾಂಕ್ಲಿನ್ ರೂಸ್‌ವೆಲ್ಟರು ಸೋಲುವರು, ಆಲ್‌ಫ್ರೆಡ್ ಲ್ಯಾಂಡನ್ ಗೆಲ್ಲುವರು ಎಂದು ಸಾರಿತು. ಫಲಿತಾಂಶ ಬಂದಾಗ ಅಂದಿನ 48 ರಾಜ್ಯಗಳಲ್ಲಿ 46ನ್ನು ರೂಸ್‌ವೆಲ್ಟರು ಗೆದ್ದಿದ್ದರು. ಲ್ಯಾಂಡನ್‌ಗೆ ಉಳಿದುವು ಮೇಯ್ನ್ ಮತ್ತು ವರ್ಮಾಂಟ್ ಎಂಬ ಎರಡು ಪುಟ್ಟ ರಾಜ್ಯಗಳು. ಅದೇ ಸಮಯದಲ್ಲಿ ಜಾರ್ಜ್ ಗ್ಯಾಲಪ್ ಎಂಬಾತನು ಸುಮಾರು 50 ಸಾವಿರ ಮಂದಿಯನ್ನು ಮಾತ್ರ ಕೇಳಿ ರೂಸ್‌ವೆಲ್ಟರ ಗೆಲವನ್ನು ಮುಂಗಂಡಿದ್ದನು. ಡೈಜೆಸ್ಟ್ ಪತ್ರಿಕೆಯು ಹೆಸರುಗಳನ್ನು ಆರಿಸಿದ್ದು ಟೆಲಿಫೋನ್ ಡೈರೆಕ್ಟರಿಗಳಿಂದಲೂ ಮೋಟಾರು ಕಾರುಗಳ ನೋಂದಣಿ ಪುಸ್ತಕಗಳಿಂದಲೂ. ಆರ್ಥಿಕ ಮುಗ್ಗಟ್ಟಿನ ಆ ಕಾಲದಲ್ಲಿ ಫೋನು ಕಾರುಗಳಿದ್ದವರು ಯಾವ ಪಕ್ಷದವರೆಂದು ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ದೋಷವನ್ನು ವಿದ್ವಾಂಸರು ಆಮೇಲೆ ಎತ್ತಿ ತೋರಿಸಿದರು: ಕಾಗದವು ಮುಟ್ಟಿದವರಲ್ಲಿಯೂ ಮುಕ್ಕಾಲು ಪಾಲಿಗೆ ಮಿಕ್ಕವರು ಉತ್ತರಿಸಲಿಲ್ಲ, ಅಂಚೆಪೆಟ್ಟಿಗೆಯವರೆಗೆ ನಡೆದು ಹೋಗುವಷ್ಟು ಆವೇಶವಿದ್ದದ್ದು ರೂಸ್‌ವೆಲ್ಟರ ವಿರೋಧಿಗಳಲ್ಲಿ. 1938ರಲ್ಲಿ ಪತ್ರಿಕೆ ನಿಂತುಹೋಯಿತು.

ಅನ್ನ ಬೆಂದಿದೆಯೇ ಎಂದು ನೋಡುವುದಕ್ಕೆ ನಮ್ಮ ಮನೆಗಳಲ್ಲಿ ಒಂದಗುಳನ್ನು ಹಿಸುಕಿ ನೋಡುವರಷ್ಟೆ. ಹಂಡೆಯೆಷ್ಟೇ ದೊಡ್ಡದಿರಲಿ, ಸೌಟಿನಿಂದ ಅಡಿಮೇಲು ಮಾಡಿ ತೆಗೆದ ನಾಲ್ಕು ಅಗುಳು ಸಾಕು. ಆದರೆ ಕುದಿಯ ರಭಸಕ್ಕೆ ತಾವಾಗಿಯೇ ಅಂಚಿನಿಂದ ಹೊರಕ್ಕೆ ಹಾರಿ ಬಿದ್ದ ಅಗುಳು ನಾಲ್ಕು ಸೇರಾದರೂ ಹಂಡೆಯ ಒಳಗಣ ಸಂಗತಿಯನ್ನು ತಿಳಿಸವು. ಯಾದೃಚ್ಛಿಕವಾಗಿ ಆರಿಸಿದ ಸಾವಿರ ಮಂದಿಯಿಂದ ಒಂದು ದೇಶದ ಅಭಿಪ್ರಾಯವನ್ನು ಶೇಕಡಾ ಮೂರರಷ್ಟು ಹೆಚ್ಚುಕಡಿಮೆಯಲ್ಲಿ ಅಳೆಯಬಹುದೆಂದು ಸಂಖ್ಯಾಶಾಸ್ತ್ರವು ಧೈರ್ಯವಾಗಿ ಹೇಳುತ್ತದೆ. ತಾವಾಗಿ ಬಂದ ಒಂದೂವರೆ ಕೋಟಿ ಮಂದಿಯ ವಿಷಯದಲ್ಲಿ ಅದು ಬಾಯಿ ಬಿಡುವುದಿಲ್ಲ.

ಈ ಬಗೆಯ ದೋಷವನ್ನು ಗಣಿತದ ಕಟ್ಟಿಗೆ ಒಳಪಡಿಸಿದವರಲ್ಲಿ ಅಗ್ರಗಣ್ಯರಾದ ಸಿ. ಆರ್. ರಾವ್ ಅವರು ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನಹಡಗಲಿಯಲ್ಲಿ. 2023ರಲ್ಲಿ, ತಮ್ಮ ನೂರಮೂರನೆಯ ವರ್ಷದಲ್ಲಿ, ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿಯನ್ನು ಪಡೆದು ಅದೇ ವರ್ಷ ಕಾಲವಾದ ಈ ಮಹನೀಯರು ಒಂದು ಪುಟ್ಟ ಪ್ರಯೋಗವನ್ನು ಮಾಡಿ ತೋರಿಸುತ್ತಿದ್ದರು. ತಾವು ಉಪನ್ಯಾಸಕ್ಕೆ ಹೋದೆಡೆಯಲ್ಲಿ, ಸಭೆಯಲ್ಲಿ ಕುಳಿತ ಗಂಡು ವಿದ್ಯಾರ್ಥಿಗಳನ್ನು, ‘ನಿಮ್ಮ ಮನೆಯಲ್ಲಿ ನಿಮ್ಮನ್ನೂ ಸೇರಿಸಿಕೊಂಡು ಗಂಡುಮಕ್ಕಳೆಷ್ಟು, ಹೆಣ್ಣುಮಕ್ಕಳೆಷ್ಟು?’ ಎಂದು ವಿಚಾರಿಸುವರು. ಉತ್ತರಗಳನ್ನು ಕೂಡಿಸಿ ನೋಡಿದರೆ ಗಂಡುಮಕ್ಕಳ ಸಂಖ್ಯೆ ಹೆಣ್ಣುಮಕ್ಕಳದಕ್ಕಿಂತ ಬಹಳ ಮಿಗಿಲಾಗಿರುವುದು. ಒಬ್ಬ ವಿದ್ಯಾರ್ಥಿಯೂ ಸುಳ್ಳು ಹೇಳಿರುವುದಿಲ್ಲ, ಒಂದು ಲೆಕ್ಕವೂ ತಪ್ಪಿರುವುದಿಲ್ಲ. ಆದರೂ ಇದನ್ನು ನಂಬಿ, ಆ ಊರಿನಲ್ಲಿ ಹೆಣ್ಣುಮಕ್ಕಳು ಹುಟ್ಟುವುದೇ ಕಡಮೆ ಎಂದವನು ಮೋಸಹೋಗುವನು. ಬರಿಯ ಹೆಣ್ಣುಮಕ್ಕಳೇ ಇರುವ ಮನೆಯಿಂದ ಆ ಬೆಂಚಿಗೆ ಬಂದು ಕೂರುವವನೇ ಇಲ್ಲ. ನಾಲ್ವರು ಗಂಡುಮಕ್ಕಳಿರುವ ಮನೆಯಿಂದ ಬರುವ ಸಂಭವವು, ಒಬ್ಬನೇ ಇರುವ ಮನೆಗೆ ಹೋಲಿಸಿದರೆ, ನಾಲ್ಕು ಪಟ್ಟು. ಕೇಳುವುದಕ್ಕೆ ಮೊದಲೇ ಉತ್ತರವು ಅರ್ಧ ನಿಷ್ಕರ್ಷೆಯಾಗಿರುತ್ತದೆ. ಒಬ್ಬ ನಟನ ಜನಪ್ರಿಯತೆಯನ್ನು ಅಳೆಯಲು ತೆರೆದ ಪುಟಕ್ಕೆ ಆ ನಟನ ಅಭಿಮಾನಿಗಳೇ ಮೊದಲು ಬರುವರೆಂಬುದನ್ನೂ, ಅವನ ವಿಷಯದಲ್ಲಿ ತಟಸ್ಥರಾದ ಕೋಟ್ಯನುಕೋಟಿ ಜನಕ್ಕೆ ಅಂತಹ ಪುಟವೊಂದಿದೆ ಎಂಬುದೇ ತಿಳಿಯದೆಂಬುದನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು.

ಆವೇಶಕ್ಕೆ ಸಂಘಟನೆಯೂ ಸೇರಿದಾಗ ಪಟ್ಟಿಯು ಇನ್ನಷ್ಟು ವಿಚಿತ್ರವಾದ ರೂಪವನ್ನು ತಾಳುತ್ತದೆ. 2002ರಲ್ಲಿ ಬಿಬಿಸಿ ಸಂಸ್ಥೆಯು ಸರ್ವಶ್ರೇಷ್ಠ ಬ್ರಿಟನ್ನಿಗರನ್ನು ಆರಿಸಲು ಮತದಾನವನ್ನೇರ್ಪಡಿಸಿದಾಗ ಚರ್ಚಿಲ್ ಪ್ರಥಮರಾದರು, ಅದೇನೂ ಅನಿರೀಕ್ಷಿತವಲ್ಲ. ಎರಡನೆಯವರಾಗಿ, ಡಾರ್ವಿನ್, ಷೇಕ್ಸ್‌ಪಿಯರ್, ನ್ಯೂಟನ್ ಮೂವರನ್ನೂ ಹಿಂದಿಕ್ಕಿ, ಹತ್ತೊಂಬತ್ತನೆಯ ಶತಮಾನದ ಎಂಜಿನಿಯರ್ ಇಸಂಬಾರ್ಡ್ ಬ್ರುನೆಲ್ ಬಂದು ನಿಂತರು. ರೈಲುಮಾರ್ಗ, ಸೇತುವೆ, ಕಬ್ಬಿಣದ ಹಡಗುಗಳನ್ನು ಕಟ್ಟಿದ ಆ ಧೀಮಂತನು ಗೌರವಾರ್ಹನೆಂಬುದರಲ್ಲಿ ಸಂಶಯವಿಲ್ಲ, ವಿಶ್ವೇಶ್ವರಯ್ಯನವರ ನಾಡಿನವರಾದ ನಾವಂತೂ ಎಂಜಿನಿಯರನೊಬ್ಬನು ಕವಿಯನ್ನು ಮೀರಿದನೆಂದು ಗೊಣಗಲಾರೆವು. ಆದರೆ ಲಂಡನ್ನಿನಲ್ಲಿ ಅವರ ಹೆಸರಿನದೇ ಒಂದು ವಿಶ್ವವಿದ್ಯಾಲಯವಿರುವುದೂ, ಅಲ್ಲಿಯ ವಿದ್ಯಾರ್ಥಿಗಳು ಹುರುಪಿನಿಂದ ಪ್ರಚಾರ ನಡೆಸಿದ್ದೂ ಆ ಸ್ಥಾನಕ್ಕೆ ನೆರವಾದುವು. ಷೇಕ್ಸ್‌ಪಿಯರ್ ಮಹಾಕವಿಗೆ ಹಾಸ್ಟೆಲು ಹುಡುಗರ ಬೆಂಬಲವಿರಲಿಲ್ಲ.

ಪೋರ್ಚುಗಲ್ ದೇಶದಲ್ಲಿ 2007ರಲ್ಲಿ ದೂರದರ್ಶನದವರು ನಡೆಸಿದ ಇದೇ ಮಾದರಿಯ ಮತದಾನದ ಫಲವನ್ನು ಕೇಳಿ ಯೂರೋಪು ದಿಗ್ಭ್ರಮೆಗೊಂಡಿತು. ದಶಕಗಟ್ಟಲೆ ಸರ್ವಾಧಿಕಾರವನ್ನು ನಡೆಸಿದ ಆಂಟೋನಿಯೊ ಸಲಜಾರ್ ಶೇಕಡಾ 41ರಷ್ಟು ಮತಗಳಿಂದ ಸರ್ವಶ್ರೇಷ್ಠ ಪೋರ್ಚುಗೀಸನೆನಿಸಿಕೊಂಡನು. ಅವನ ಸೆರೆಮನೆಯಲ್ಲಿ ವರ್ಷಾನುಗಟ್ಟಲೆ ಕೊಳೆತ ಕಮ್ಯೂನಿಸ್ಟ್ ನಾಯಕ ಆಲ್ವರೊ ಕುನ್ಯಾಲ್ ಶೇಕಡಾ 19ರೊಡನೆ ಎರಡನೆಯವನಾದನು. ಇಡೀ ದೇಶವೇ ಸರ್ವಾಧಿಕಾರಕ್ಕೆ ಹಂಬಲಿಸುತ್ತಿತ್ತೆಂದಾಗಲಿ, ಉಳಿದವರೆಲ್ಲರೂ ಕಮ್ಯೂನಿಸ್ಟರಾಗಿದ್ದರೆಂದಾಗಲಿ ಇದರಿಂದ ಊಹಿಸಿದರೆ ಅದು ಅಪಹಾಸ್ಯ. ರಾಜಕಾರಣದ ಎರಡು ತುದಿಗಳಲ್ಲಿದ್ದ ಹಳೆಯ ಹಗೆಗಳೆರಡು ಫೋನುಗಳನ್ನು ಎತ್ತಿಕೊಂಡುವು, ನಡುವೆ ಇದ್ದವರು ಊಟ ಮಾಡಿ ಮಲಗಿದರು. ಮರುವರ್ಷ ರಷ್ಯದಲ್ಲಿ ‘ರಷ್ಯದ ಹೆಸರು’ ಎಂಬ ಮತದಾನ ನಡೆದಾಗ ಅಂತರ್ಜಾಲದಲ್ಲಿ ಸ್ಟಾಲಿನ್ ಮುಂದಾದನು. ವ್ಯವಸ್ಥಾಪಕರು ಗಾಬರಿಗೊಂಡು, ಯಂತ್ರಗಳಿಂದ ಮತಗಳು ಬೀಳುತ್ತಿವೆಯೆಂದು ಹೇಳಿ ಎಣಿಕೆಯನ್ನೇ ತೊಡೆದು ಹೊಸದಾಗಿ ಆರಂಭಿಸಿದರು. ವರ್ಷಾಂತ್ಯದಲ್ಲಿ ಹದಿಮೂರನೆಯ ಶತಮಾನದ ರಾಜಕುಮಾರ ಅಲೆಕ್ಸಾಂಡರ್ ನೆವ್‌ಸ್ಕಿ 5,24,575 ಮತಗಳೊಡನೆ ಪ್ರಥಮನೆಂದೂ, ಸ್ಟಾಲಿನ್ 5,19,071 ಮತಗಳೊಡನೆ ತೃತೀಯನೆಂದೂ ಘೋಷಿಸಲಾಯಿತು. ಐದೂವರೆ ಸಾವಿರ ಮತಗಳ ಅಂತರದಲ್ಲಿ ಒಂದು ಮಹಾದೇಶದ ಆತ್ಮಸಾಕ್ಷಿ ಪಾರಾಯಿತೆಂದು ಯಾರಾದರೂ ನಿಟ್ಟುಸಿರಿಟ್ಟಿದ್ದರೆ ಅವರ ಸರಳತೆಗೆ ಮೆಚ್ಚಬೇಕು.

ನಾವು ಭಾರತೀಯರು ಇಂತಹ ಸ್ಪರ್ಧೆಗಳಲ್ಲಿ ಎಂದೂ ಹಿಂದೆ ಬಿದ್ದವರಲ್ಲ. 1999ರಲ್ಲಿ ಬಿಬಿಸಿಯ ಅಂತರ್ಜಾಲ ಮತದಾನವು ಸಹಸ್ರಮಾನದ ಶ್ರೇಷ್ಠ ನಟನನ್ನು ಹುಡುಕಿದಾಗ, ಲಾರೆನ್ಸ್ ಒಲಿವಿಯರ್, ಚಾರ್ಲಿ ಚಾಪ್ಲಿನ್ ಮೊದಲಾದವರನ್ನು ಮೀರಿ ಅಮಿತಾಭ್ ಬಚ್ಚನ್ ಆಯ್ಕೆಯಾದರು; ಅದೇ ವರ್ಷ ಶ್ರೇಷ್ಠ ಮಹಿಳೆಯೆಂದು ಇಂದಿರಾ ಗಾಂಧಿಯವರ ಹೆಸರೂ ಬಂದಿತು. ಹಿಗ್ಗುವುದಕ್ಕೆ ನಮಗೆ ಹಕ್ಕುಂಟು. ಆದರೆ ಆ ದಿನಗಳಲ್ಲಿ ಹಳ್ಳಿಯ ಟೂರಿಂಗ್ ಟಾಕೀಸಿನಲ್ಲಿ ನೆಲದ ಮೇಲೆ ಕುಳಿತು ಅಮಿತಾಭರನ್ನು ಕಂಡು ಸಿಳ್ಳು ಹಾಕಿದವನ ಕೈಯಲ್ಲಿ ಅಂತರ್ಜಾಲವಿರಲಿಲ್ಲ. ಅವನ ಪ್ರೀತಿ ಈ ಲೆಕ್ಕಕ್ಕೆ ಸೇರಲೇ ಇಲ್ಲ. ‘ಟೈಮ್’ ಪತ್ರಿಕೆಯ ‘ವರ್ಷದ ವ್ಯಕ್ತಿ’ಗಾಗಿ ನಡೆದ ವಾಚಕ ಮತದಾನದಲ್ಲಿ ನರೇಂದ್ರ ಮೋದಿಯವರು 2014ರಲ್ಲಿ ಸುಮಾರು 50 ಲಕ್ಷ ಮತಗಳಲ್ಲಿ ಶೇಕಡಾ 16ಕ್ಕೆ ಮಿಕ್ಕು ಪಡೆದು ಪ್ರಥಮರಾದರು, 2016ರಲ್ಲಿ ಶೇಕಡಾ 18ರೊಡನೆ ಮತ್ತೆ ಪ್ರಥಮರಾದರು, ನಡುವಣ 2015ರಲ್ಲಿ ಆ ಸ್ಥಾನ ಅಮೆರಿಕದ ಸಮಾಜವಾದಿ ನಾಯಕ ಬರ್ನಿ ಸ್ಯಾಂಡರ್ಸರದಾಯಿತು. ಸಂಪಾದಕರು ಆ ಮೂರು ವರ್ಷಗಳಲ್ಲಿ ಅನುಕ್ರಮವಾಗಿ ಎಬೋಲಾ ರೋಗದೊಡನೆ ಹೋರಾಡಿದ ವೈದ್ಯಸಮೂಹವನ್ನೂ, ಜರ್ಮನಿಯ ಏಂಜೆಲಾ ಮರ್ಕೆಲ್ ಅವರನ್ನೂ, ಡೊನಾಲ್ಡ್ ಟ್ರಂಪ್ ಅವರನ್ನೂ ಆರಿಸಿದರು. ಪತ್ರಿಕೆಯ ಆಯ್ಕೆ ಬೇರೆ, ವಾಚಕರ ಮತ ಬೇರೆ ಎಂಬ ಭೇದವು ನಮ್ಮ ಪತ್ರಿಕೆಗಳ ತಲೆಬರೆಹಗಳಲ್ಲಿ ಎಷ್ಟೋ ಸಲ ಕರಗಿಹೋಗುತ್ತದೆ.

2012ರಲ್ಲಿ ನಮ್ಮಲ್ಲಿ ನಡೆದ ‘ಗಾಂಧೀಜಿಯ ತರುವಾಯದ ಸರ್ವಶ್ರೇಷ್ಠ ಭಾರತೀಯ’ನ ಆಯ್ಕೆಯಲ್ಲಿ ಮಾತ್ರ ಸ್ವಲ್ಪ ವಿವೇಕ ಕಂಡಿತ್ತು. ಮಹಾತ್ಮರನ್ನು ಸ್ಪರ್ಧೆಯಿಂದ ಹೊರಗಿಟ್ಟು, ಸಾರ್ವಜನಿಕ ಮತದ ಜೊತೆಗೆ ತಜ್ಞರ ಮಂಡಲಿಯ ಅಭಿಪ್ರಾಯವನ್ನೂ, ಬೇರೆಯಾಗಿ ನಡೆಸಿದ ಮಾರುಕಟ್ಟೆ ಸಮೀಕ್ಷೆಯನ್ನೂ ಕೂಡಿಸಿ ತೂಗಿದರು; ಅಂಬೇಡ್ಕರರು ಪ್ರಥಮರಾದರು. ಒಂದೇ ತಕ್ಕಡಿಯನ್ನು ನಂಬಬಾರದೆಂದು ವ್ಯವಸ್ಥಾಪಕರಿಗೇ ತೋರಿದ್ದು ಗಮನಾರ್ಹ.

ಇದುವರೆಗೆ ಹೇಳಿದುದು ಮತದಾನದ ಮಾತು. ಈಚಿನ ದಿನಗಳಲ್ಲಿ ಯಾರ ಮತವನ್ನೂ ಕೇಳದೆಯೇ ಜನಪ್ರಿಯತೆಯನ್ನು ಅಳೆಯುವ ಯಂತ್ರಗಳು ಬಂದಿವೆ: ಇನ್‌ಸ್ಟಾಗ್ರಾಮ್, ಈಗ ‘ಎಕ್ಸ್’ ಎನಿಸಿರುವ ಟ್ವಿಟರ್‌ಗಳ ಹಿಂಬಾಲಕರ ಲೆಕ್ಕ, ಗೂಗಲ್ ಶೋಧದ ಲೆಕ್ಕ, ಸಿನಿಮಾ ತಾಣಗಳಲ್ಲಿ ಪುಟ ತೆರೆದವರ ಲೆಕ್ಕ. ಇವುಗಳಲ್ಲಿ ಹಿಂಬಾಲಕರ ಸಂಗತಿ ಬಹು ಸ್ವಾರಸ್ಯವಾದುದು, ಏಕೆಂದರೆ ಅದು ಅಂಗಡಿಯಲ್ಲಿ ದೊರೆಯುವ ಸರಕು. 2018ರ ಜನವರಿಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು ಡೆವುಮಿ ಎಂಬ ಕಂಪನಿಯ ವ್ಯವಹಾರವನ್ನು ಬಯಲಿಗೆಳೆಯಿತು. ಆ ಕಂಪನಿಯ ಉಗ್ರಾಣದಲ್ಲಿ ಕನಿಷ್ಠ 35 ಲಕ್ಷ ಯಾಂತ್ರಿಕ ಖಾತೆಗಳಿದ್ದುವು. ಒಂದೊಂದನ್ನೂ ಮತ್ತೆ ಮತ್ತೆ ಮಾರಿ ಅದು ಗಿರಾಕಿಗಳಿಗೆ ಒದಗಿಸಿದ ಹಿಂಬಾಲಕರು 20 ಕೋಟಿಗೂ ಹೆಚ್ಚು. ಅವುಗಳಲ್ಲಿ ಸುಮಾರು 55 ಸಾವಿರ ಖಾತೆಗಳಿಗೆ ಬದುಕಿರುವ ನಿಜವಾದ ಮನುಷ್ಯರ ಹೆಸರು, ಭಾವಚಿತ್ರಗಳನ್ನು ಕದ್ದು ಅಂಟಿಸಿದ್ದರು. ಶಾಲೆಗೆ ಹೋಗುವ ಮಕ್ಕಳ ಮುಖಗಳೂ ಅವುಗಳಲ್ಲಿದ್ದುವು. ಕೊಂಡವರಲ್ಲಿ ನಟರು, ಆಟಗಾರರು, ರಾಜಕಾರಣಿಗಳು ಇದ್ದರು. ಅದೇ ವರ್ಷದ ಜುಲೈ ತಿಂಗಳಿನಲ್ಲಿ ಟ್ವಿಟರ್ ಸಂಸ್ಥೆಯು ಸಂಶಯಾಸ್ಪದವೆಂದು ಬೀಗ ಹಾಕಿದ್ದ ಖಾತೆಗಳನ್ನು ಲೆಕ್ಕದಿಂದ ತೆಗೆದುಹಾಕಿದಾಗ, ಸಂಸ್ಥೆಯ ಸ್ವಂತ ಖಾತೆಯೇ 77 ಲಕ್ಷ ಹಿಂಬಾಲಕರನ್ನು ಒಮ್ಮೆಗೇ ಕಳೆದುಕೊಂಡಿತು. ಒಬಾಮರು 20 ಲಕ್ಷಕ್ಕೂ ಹೆಚ್ಚು ಮಂದಿಯನ್ನೂ, ನಮ್ಮ ಪ್ರಧಾನಿಗಳು 3 ಲಕ್ಷದ ಸಮೀಪ ಮಂದಿಯನ್ನೂ ಕಳೆದುಕೊಂಡರು. ನಾಲ್ಕು ವರ್ಷ ಮೊದಲು, 2014ರ ಡಿಸೆಂಬರಿನಲ್ಲಿ, ಇನ್‌ಸ್ಟಾಗ್ರಾಮ್ ಇಂತಹುದೇ ಶುದ್ಧೀಕರಣವನ್ನು ಮಾಡಿದಾಗ ಗಾಯಕ ಜಸ್ಟಿನ್ ಬೀಬರ್ ಒಂದೇ ದಿನದಲ್ಲಿ 35 ಲಕ್ಷದಷ್ಟು ಬಡವನಾದನು. ಇವರೆಲ್ಲ ಹಿಂಬಾಲಕರನ್ನು ಕೊಂಡವರೆಂದು ತಿಳಿಯತಕ್ಕದ್ದಲ್ಲ. ಸಹಜ ಮನುಷ್ಯನಂತೆ ತೋರಬೇಕೆಂದು ಈ ಯಾಂತ್ರಿಕ ಖಾತೆಗಳು ಪ್ರಖ್ಯಾತರೆಲ್ಲರನ್ನೂ ತಾವಾಗಿಯೇ ಹಿಂಬಾಲಿಸುತ್ತವೆ. ದೊಡ್ಡ ಹೆಸರಿಗೆ ಸುಳ್ಳು ನೆರಳು ತಾನಾಗಿ ಬೆಳೆಯುತ್ತದೆ.

ಗೂಗಲ್ ಸಂಸ್ಥೆಯು ವರ್ಷಾಂತ್ಯದಲ್ಲಿ ಪ್ರಕಟಿಸುವ ಪಟ್ಟಿಯ ವಿಷಯದಲ್ಲಿ ಜನಸಾಮಾನ್ಯರಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಅದು ಅತಿ ಹೆಚ್ಚು ಜನರು ಹುಡುಕಿದವರ ಪಟ್ಟಿಯಲ್ಲ. ಹಿಂದಿನ ವರ್ಷಕ್ಕೆ ಹೋಲಿಸಿದಾಗ ಯಾರ ಹುಡುಕಾಟ ಹೆಚ್ಚು ರಭಸದಿಂದ ಏರಿತೆಂಬುದರ ಪಟ್ಟಿ. ಪ್ರತಿದಿನವೂ ಒಂದೇ ಸಮನೆ ಕೋಟಿ ಸಲ ಹುಡುಕಲ್ಪಡುವವನು ಅದರಲ್ಲಿ ಕಾಣದೆ ಹೋಗಬಹುದು. ಭಾರತದ 2019ರ ಪಟ್ಟಿಯಲ್ಲಿ ಮೊದಲನೆಯವರು ಆ ವರ್ಷದ ಫೆಬ್ರುವರಿಯಲ್ಲಿ ಪಾಕಿಸ್ತಾನದ ವಶದಲ್ಲಿ ಸಿಕ್ಕಿ ಹಿಂದಿರುಗಿದ ವಾಯುಪಡೆಯ ಅಭಿನಂದನ್ ವರ್ಧಮಾನ್. ಎರಡನೆಯವರು ಲತಾ ಮಂಗೇಶ್ಕರ್. ಏಳು ದಶಕಗಳಿಂದ ದೇಶದ ಕಿವಿಗಳನ್ನು ತುಂಬಿದ ಲತಾ ಅವರು ಆ ವರ್ಷ ಎರಡನೆಯವರಾದದ್ದು ಹಾಡಿದ್ದಕ್ಕಲ್ಲ, ನವೆಂಬರಿನಲ್ಲಿ ಆಸ್ಪತ್ರೆ ಸೇರಿದ್ದಕ್ಕೆ. ಹಿಂದಿನ ವರ್ಷ ಅದೇ ಪಟ್ಟಿಯ ತುದಿಯಲ್ಲಿದ್ದವಳು ಮಲೆಯಾಳ ಚಿತ್ರವೊಂದರ ಹಾಡಿನಲ್ಲಿ ಕಣ್ಣು ಮಿಟುಕಿಸಿದ ತರುಣಿ. ಕುತೂಹಲ, ಕಳವಳ, ಚೇಷ್ಟೆ, ಶೋಕ, ಅಪವಾದ ಇವೆಲ್ಲವೂ ಶೋಧಪೆಟ್ಟಿಗೆಯಲ್ಲಿ ಒಂದೇ ಬಣ್ಣವಾಗಿ ಕಾಣುವುವು.

ಕನ್ನಡದ ವಾಚಕರಿಗೆ ಹತ್ತಿರವಾದ ನಿದರ್ಶನ ಬೇಕೆಂದರೆ 2022ರ ಐಎಂಡಿಬಿ ಪಟ್ಟಿಯನ್ನು ನೋಡಬಹುದು. ಈ ಸಿನಿಮಾ ತಾಣವು ನಟನಟಿಯರ ಪುಟಗಳನ್ನು ಎಷ್ಟು ಮಂದಿ ತೆರೆದರೆಂಬುದರ ಮೇಲೆ ಅವರಿಗೆ ಕ್ರಮಾಂಕವನ್ನು ಕೊಡುತ್ತದೆ. ಆ ವರ್ಷದ ಏಪ್ರಿಲ್ 14ರಂದು ತೆರೆಕಂಡ ಕೆಜಿಎಫ್‌ನ ಎರಡನೆಯ ಭಾಗವು ದೇಶದ ಉದ್ದಗಲಕ್ಕೂ ಚಿತ್ರಮಂದಿರಗಳನ್ನು ಸೂರೆಗೊಂಡಿತ್ತು. ಆದರೆ ಭಾರತೀಯ ತಾರೆಯರ ವಾರ್ಷಿಕ ಪಟ್ಟಿಯಲ್ಲಿ ನಾಯಕ ಯಶ್ ಅವರಿಗೆ ದೊರೆತದ್ದು ಹತ್ತನೆಯ ಸ್ಥಾನ. ಪ್ರಥಮ ಸ್ಥಾನ ತಮಿಳಿನ ಧನುಷ್ ಅವರದು. ಧನುಷ್ ಸಮರ್ಥ ನಟರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ವರ್ಷ ಅವರು ‘ದಿ ಗ್ರೇ ಮ್ಯಾನ್’ ಎಂಬ ಅಮೆರಿಕದ ಚಿತ್ರದಲ್ಲಿ ಕಾಣಿಸಿಕೊಂಡಿದ್ದರು, ಮತ್ತು ‘ಈತ ಯಾರು?’ ಎಂದು ಪುಟವನ್ನು ತೆರೆಯುವವನು ಈತನನ್ನು ಮೊದಲ ಸಲ ಕಂಡ ಪರದೇಶದ ಪ್ರೇಕ್ಷಕ. ಮಂಡ್ಯದಲ್ಲಿ ಯಶ್ ಯಾರೆಂದು ತಿಳಿಯಲು ಯಾರೂ ಪುಟ ತೆರೆಯಬೇಕಾಗಿಲ್ಲ. ಅಪರಿಚಿತನಾಗಿರುವುದೇ ಕ್ರಮಾಂಕಕ್ಕೆ ಸಹಾಯಕವಾಗುವ ಈ ಲೆಕ್ಕದಲ್ಲಿ ಮನೆಮಾತಾದವನು ಸೋಲುವ ಸಂಭವವುಂಟು.

ಕನ್ನಡದ ಮೆಚ್ಚಿನ ನಟ ರಾಜಕುಮಾರ್ ಅವರು ತೀರಿಕೊಂಡದ್ದು 2006ರ ಏಪ್ರಿಲ್ 12ರಂದು; ಟ್ವಿಟರ್ ಸಾರ್ವಜನಿಕರಿಗೆ ತೆರೆದದ್ದು ಅದೇ ವರ್ಷದ ಜುಲೈ ತಿಂಗಳಿನಲ್ಲಿ. ‘ಅಭಿಮಾನಿ ದೇವರುಗಳು’ ಎಂದು ಅವರು ಸಂಬೋಧಿಸುತ್ತಿದ್ದ ಜನಸ್ತೋಮಕ್ಕೆ ಹೀಗಾಗಿ ಹಿಂಬಾಲಕರೆಂಬ ಲೆಕ್ಕವೇ ಇಲ್ಲ. ಅವರ ಕಾಲದ ಅಳತೆಗೋಲು ಶತದಿನೋತ್ಸವ. ಆ ಗೋಲೂ ನಿಷ್ಕಳಂಕವಾಗಿತ್ತೆಂದು ಹೇಳಲಾರೆನು. ಖಾಲಿ ಕುರ್ಚಿಗಳ ಎದುರು ಚಿತ್ರವನ್ನು ಎಳೆದು ನೂರನೆಯ ದಿನಕ್ಕೆ ಮುಟ್ಟಿಸುತ್ತಿದ್ದ ಉದ್ಯಮದ ಚಮತ್ಕಾರವನ್ನು ಅದರ ನೆಲೆಯಾದ ಗಾಂಧಿನಗರ ಬಲ್ಲದು. ಅವರ ಮಗನಾದ ನಟ ಪುನೀತ್ ರಾಜಕುಮಾರ್ ಅವರು 2021ರ ಅಕ್ಟೋಬರ್ 29ರಂದು ಅಕಾಲದಲ್ಲಿ ಅಗಲಿದ ಮೇಲೆ, ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದಿತೆಂಬ ವಾರ್ತೆಯನ್ನು ಕೇಳಿ ನೇತ್ರದಾನಕ್ಕೆ ಹೆಸರು ಬರೆಯಿಸಲು ನಾಡಿನಾದ್ಯಂತ ಜನ ಮುಂದೆ ಬಂದರು. ಯಾವ ಕ್ರಮಾಂಕದ ಯಂತ್ರಕ್ಕೂ ಹೀಗೆ ಮುಂದೆ ಬಂದವರ ಅಂಕಿಯನ್ನು ತೆಗೆದುಕೊಳ್ಳುವ ಬಾಯಿಲ್ಲ.

ಶಾಸ್ತ್ರೀಯವಾಗಿ ನಡೆಸುವ ಸಮೀಕ್ಷೆಗಳನ್ನು ಮೇಲಿನವುಗಳ ಸಾಲಿನಲ್ಲಿ ಕೂರಿಸುವುದು ಅನ್ಯಾಯ. ಅಮೆರಿಕದ ಮಾರ್ನಿಂಗ್ ಕನ್ಸಲ್ಟ್ ಸಂಸ್ಥೆಯು ಹಲವು ದೇಶಗಳ ನಾಯಕರಿಗೆ ಅವರವರ ದೇಶದಲ್ಲಿರುವ ಜನಸಮ್ಮತಿಯನ್ನು ಅಳೆದು ಪ್ರಕಟಿಸುವ ಪಟ್ಟಿಯಲ್ಲಿ ನರೇಂದ್ರ ಮೋದಿಯವರು ಶೇಕಡಾ 70ಕ್ಕೆ ಮಿಕ್ಕ ಸಮ್ಮತಿಯೊಡನೆ ಬಹುಕಾಲ ಮೊದಲ ಸ್ಥಾನದಲ್ಲಿದ್ದರು. ಇಲ್ಲಿ ಗುಂಡಿಯೊತ್ತುವ ಗುಂಪಿಲ್ಲ. ವಯಸ್ಸು, ಲಿಂಗ, ಪ್ರಾಂತಗಳನ್ನು ಗಮನಿಸಿ ತೂಕವನ್ನು ಸರಿದೂಗಿಸಿ, ಏಳು ದಿನಗಳ ಸರಾಸರಿಯನ್ನು ಕೊಡುತ್ತಾರೆ. ಆದರೆ ಸಂದರ್ಶನಗಳು ನಡೆಯುವುದು ಅಂತರ್ಜಾಲದಲ್ಲಿ. ಭಾರತದ ಮಾದರಿಯು ಅಕ್ಷರಸ್ಥ ಜನತೆಯನ್ನು ಮಾತ್ರ ಪ್ರತಿನಿಧಿಸುತ್ತದೆ ಎಂದು ಸಂಸ್ಥೆಯೇ ಪ್ರಾಮಾಣಿಕವಾಗಿ ಅಡಿಯಲ್ಲಿ ಬರೆದಿರುತ್ತದೆ. 2011ರ ಜನಗಣತಿಯಲ್ಲಿ ದೇಶದ ಅಕ್ಷರಸ್ಥರು ಸುಮಾರು ಮುಕ್ಕಾಲು ಪಾಲು. ಉಳಿದ ಕಾಲು ಭಾಗದವರನ್ನೂ ಕೇಳಿದ್ದರೆ ಅಂಕಿಯು ಏರುತ್ತಿತ್ತೋ ಇಳಿಯುತ್ತಿತ್ತೋ ಎಂಬುದನ್ನು ಆ ಸಮೀಕ್ಷೆಯಿಂದಲೇ ಹೇಳಲಾಗದು; ಹೇಳಲಾಗದೆಂಬುದಷ್ಟೇ ಅದರ ಮಿತಿ. ಮತದಾರರ ಪಟ್ಟಿಯಿಂದ ಹೆಸರುಗಳನ್ನು ಎತ್ತಿ, ಅಂಥವರ ಮನೆಯ ಬಾಗಿಲಿಗೇ ಹೋಗಿ ಕೂತು ಕೇಳುವ ದೆಹಲಿಯ ಲೋಕನೀತಿಯಂತಹ ಸಂಸ್ಥೆಗಳ ಕ್ರಮವು ಹೆಚ್ಚು ಶ್ರಮದ್ದು, ಹೆಚ್ಚು ಖರ್ಚಿನದು. ಅಲ್ಲಿಯೂ, ಅಪರಿಚಿತನೊಬ್ಬನು ಹೊಸ್ತಿಲಲ್ಲಿ ನಿಂತು ದೊಡ್ಡವರ ವಿಷಯ ಕೇಳಿದಾಗ ಮನೆಯವರು ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಿಬಿಡುವರೆಂಬ ಭರವಸೆಯಿಲ್ಲ. 2004ರ ಮತ್ತು 2024ರ ಲೋಕಸಭಾ ಚುನಾವಣೆಗಳಲ್ಲಿ ಮತದಾನೋತ್ತರ ಸಮೀಕ್ಷೆಗಳು ಹುಸಿಯಾದುದನ್ನು ಎಲ್ಲರೂ ಬಲ್ಲರು.

ಇಷ್ಟೆಲ್ಲ ದೋಷಗಳು ಬಯಲಾದ ಮೇಲೂ ಪತ್ರಿಕೆಗಳು, ತಾಣಗಳು ವರ್ಷಕ್ಕೊಮ್ಮೆ ಈ ಮತದಾನಗಳನ್ನು ಬಿಡದೆ ನಡೆಸುವುದೇಕೆಂದು ಕೇಳಬಹುದು. ಉತ್ತರ ವ್ಯಾಪಾರದಲ್ಲಿದೆ. ಮತ ಹಾಕಲು ಬಂದವನು ಪುಟವನ್ನು ತೆರೆಯುತ್ತಾನೆ. ತೆರೆದ ಪುಟದ ಪಕ್ಕದಲ್ಲಿ ಜಾಹೀರಾತಿರುತ್ತದೆ. ತನ್ನವನು ಹಿಂದೆ ಬಿದ್ದಿರುವನೆಂದು ಕಂಡರೆ ಗೆಳೆಯರನ್ನು ಕರೆತರುತ್ತಾನೆ. ಅವರೂ ಪುಟವನ್ನು ತೆರೆಯುತ್ತಾರೆ. ಗೆದ್ದವನ ಊರಿನ ಪತ್ರಿಕೆಗಳು ಅದನ್ನು ವಾರ್ತೆಯಾಗಿ ಅಚ್ಚುಮಾಡಿ ಮತದಾನ ನಡೆಸಿದವರ ಹೆಸರನ್ನು ಪುಕ್ಕಟೆಯಾಗಿ ಸಾರುತ್ತವೆ. ಅಳತೆ ತಪ್ಪಾದರೂ ಆದಾಯ ತಪ್ಪುವುದಿಲ್ಲ. 2018ರಲ್ಲಿ ‘ಟೈಮ್’ ಪತ್ರಿಕೆಯ ವಾಚಕರು ದಕ್ಷಿಣ ಕೊರಿಯಾದ ಬಿಟಿಎಸ್ ಗಾಯಕವೃಂದವನ್ನು ಮೊದಲ ಸ್ಥಾನಕ್ಕೇರಿಸಿದರು, ಸಂಪಾದಕರು ಹತ್ಯೆಯಾದ ಜಮಾಲ್ ಖಶೋಗಿಯವರನ್ನೂ ಇತರ ಪತ್ರಕರ್ತರನ್ನೂ ಮುಖಪುಟದಲ್ಲಿಟ್ಟರು. ಎರಡು ವಾರ್ತೆಗಳನ್ನೂ ಪತ್ರಿಕೆಯೇ ಪ್ರಕಟಿಸಿತು, ಮತ್ತು ಎರಡಕ್ಕೂ ಓದುಗರು ದೊರೆತರು.